ಪತ್ತೆಯಾಗದ ಪ್ರಕರಣಗಳ ಹಳೆ ಪತ್ರಿಕೆ: ಹುಡುಕುವುದು, ಪರೀಕ್ಷಿಸುವುದು, ಮಳೆಗಾಲ ದಾಟಿಸುವುದು

(ಕಾಸರಗೋಡಿನಲ್ಲಿ ಹಳೆ ಪತ್ರಿಕೆಗಳ ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ 1888ರ ಸಂಚಿಕೆ, ಮುಖಪುಟದಲ್ಲೇ ದಪ್ಪ ಅಕ್ಷರದಲ್ಲಿ, ಲಂಡನ್ನಿನಲ್ಲಿ ಹೆಂಗಸರನ್ನು ಕೊಂದು ಕೊನೆಗೂ ಸಿಕ್ಕದ ಜ್ಯಾಕ್ ದಿ ರಿಪ್ಪರ್‌ನ ಸುದ್ದಿ. ಇಂಥದೊಂದನ್ನು ಚೌಕಟ್ಟು ಹಾಕಿಸಿ ಯಾರಾದರೂ ತಂದು ತೋರಿಸಿದರೆ ದುಡ್ಡು ಬಿಚ್ಚಬೇಡಿ. ಆ ಪತ್ರಿಕೆ ಮುಖಪುಟದಲ್ಲಿ ಸುದ್ದಿ ಹಾಕಲು ತೊಡಗಿದ್ದು 1966ರ ಮೇ 3ರಂದು. ಅಲ್ಲಿಯವರೆಗೆ ಮೊದಲ ಪುಟದ ತುಂಬ ಸಣ್ಣ ಸಣ್ಣ ಜಾಹೀರಾತುಗಳೇ ಇರುತ್ತಿದ್ದವು. ಮದ್ರಾಸಿನ ‘ದಿ ಹಿಂದೂ’ ಪತ್ರಿಕೆಯದೂ ಇದೇ ಕ್ರಮ. ಅಲ್ಲಿ ಮುಖಪುಟಕ್ಕೆ ಸುದ್ದಿ ಬಂದದ್ದು 1958ರ ಜನವರಿ 14ರಂದು. ಹಾಗಾಗಿ ಆ ಕಾಲದ ದೊಡ್ಡ ಕೊಲೆಯ ಸುದ್ದಿ ಬೇಕಿದ್ದವರು ಒಳಪುಟಗಳನ್ನು ಬಿಡಿಸಬೇಕು. ಒಳಪುಟಗಳು ಬೇಕಿದ್ದರೆ ಇಡೀ ಸಂಚಿಕೆ ಬೇಕು. ಮುಖಪುಟ ಮಾತ್ರ ಕತ್ತರಿಸಿ ಗೋಡೆಗೆ ತೂಗುಹಾಕುವವರಿಗೂ ಸಂಗ್ರಹ ಮಾಡುವವರಿಗೂ ಇರುವ ವ್ಯತ್ಯಾಸ ಇಲ್ಲಿಂದಲೇ ಸುರುವಾಗುತ್ತದೆ.

ಅಪರಾಧಿ ಸಿಕ್ಕಿ, ತೀರ್ಪು ಬಂದ ಪ್ರಕರಣದಲ್ಲಿ ಕೋರ್ಟಿನ ದಾಖಲೆ ಇರುತ್ತದೆ. ಪತ್ರಿಕೆ ಅದರ ಪಕ್ಕದಲ್ಲಿಡುವ ನೆನಪಿನ ಕಾಗದ, ಅಷ್ಟೇ. ಪತ್ತೆಯಾಗದ ಪ್ರಕರಣದಲ್ಲಿ ಮಾತು ಬೇರೆ. 1888ರ ಲಂಡನ್ ಕೊಲೆಗಳಲ್ಲಿ ರಿಪ್ಪರನಿಗೆ ಬಲಿಯಾದವರೆಂದು ಸಾಮಾನ್ಯವಾಗಿ ಎಣಿಸುವ ಐವರು ಹೆಂಗಸರ ಪೈಕಿ ಮೇರಿ ಆ್ಯನ್ ನಿಕೋಲ್ಸ್, ಆ್ಯನಿ ಚ್ಯಾಪ್‌ಮನ್, ಎಲಿಜಬೆತ್ ಸ್ಟ್ರೈಡ್ ಈ ಮೂವರ ಸಾವಿನ ವಿಚಾರಣೆಯ ಮೂಲ ಕಾಗದಗಳೇ ಉಳಿದಿಲ್ಲ. ಸಾಕ್ಷಿಗಳು ಏನು ಹೇಳಿದರು, ವೈದ್ಯರು ಏನು ಕಂಡರು ಎಂಬುದು ಇವತ್ತು ಗೊತ್ತಿರುವುದು ಅಂದಿನ ಪತ್ರಿಕೆಗಳ ಉದ್ದುದ್ದ ವರದಿಗಳಿಂದಲೇ. ಒಬ್ಬ ವರದಿಗಾರ ಬಿಟ್ಟ ಮಾತನ್ನು ಇನ್ನೊಬ್ಬ ಬರೆದುಕೊಂಡಿರುತ್ತಾನೆ. ಅದಕ್ಕಾಗಿಯೇ ಒಂದೇ ದಿನದ ಎರಡು ಮೂರು ಪತ್ರಿಕೆಗಳನ್ನು ಕೂಡಿಹಾಕುವುದು. ಇದು ಚಟ ಅಲ್ಲ, ದಾಖಲೆ ಉಳಿಸುವ ಕೆಲಸ.

ಹೊಸಬರು ಸಾಮಾನ್ಯವಾಗಿ ಹುಡುಕುವುದು ಮೊದಲ ದಿನದ ಸಂಚಿಕೆಯನ್ನು. ಬೆಲೆಯೂ ಅದಕ್ಕೇ ಜಾಸ್ತಿ. ಆದರೆ ಒಂದು ಪ್ರಕರಣವನ್ನು ಹಿಡಿದರೆ ಅದರ ಸರಣಿಯನ್ನು ಹಿಡಿಯಬೇಕು ಎನ್ನುವುದು ನಮ್ಮ ಗಟ್ಟಿಯಾದ ಅಭಿಪ್ರಾಯ. ಮದ್ರಾಸಿನ ಲಕ್ಷ್ಮೀಕಾಂತನ್ ಕೊಲೆಯನ್ನೇ ತೆಗೆದುಕೊಳ್ಳಿ. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸ್ ಪ್ರಾಂತ್ಯದ ಭಾಗ. ಇದು ನಮ್ಮ ಹಿರಿಯರು ಸ್ವಂತ ಪ್ರಾಂತ್ಯದ ಸುದ್ದಿಯೆಂದೇ ಓದಿದ ಪ್ರಕರಣ. ಸತ್ತವನು ಸ್ವತಃ ಪತ್ರಿಕೆಯವನು. ಸಿನಿಮಾ ನಟರ ಖಾಸಗಿ ಸಂಗತಿಗಳನ್ನು ಬರೆದು ಹೆಸರು ಕೆಡಿಸಿಕೊಂಡಿದ್ದ ‘ಸಿನಿಮಾ ತೂದು’, ಆಮೇಲೆ ‘ಹಿಂದೂ ನೇಸನ್’ ನಡೆಸುತ್ತಿದ್ದ. 1944ರ ನವೆಂಬರ್ 8, ಬುಧವಾರ ಅವನಿಗೆ ಚೂರಿ ಹಾಕಿದರು, ಮರುದಿನ ಸತ್ತ. ಆ ಕಾಲದ ತಮಿಳು ಚಿತ್ರರಂಗದ ದೊಡ್ಡ ನಟ ಎಂ.ಕೆ. ತ್ಯಾಗರಾಜ ಭಾಗವತರ್, ಹಾಸ್ಯನಟ ಎನ್.ಎಸ್. ಕೃಷ್ಣನ್ ಇಬ್ಬರಿಗೂ 1945ರಲ್ಲಿ ಶಿಕ್ಷೆಯಾಯಿತು. ಮೇಲ್ಮನವಿ ಆಗಿನ ಕೊನೆಯ ಮೇಲ್ಮನವಿ ನ್ಯಾಯಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ, ಮತ್ತೆ ಮದ್ರಾಸಿಗೆ ಬಂದು, 1947ರಲ್ಲಿ ಇಬ್ಬರೂ ಬಿಡುಗಡೆಯಾದರು. ಕೊಂದವರು ಯಾರು ಎಂಬುದು ಹಾಗೆಯೇ ಉಳಿಯಿತು.

ಈ ಸರಣಿಯಲ್ಲಿ ಕಮ್ಮಿಯೆಂದರೂ ಐದು ಕೊಂಡಿಗಳು ಬೇಕು: ಕೊಲೆ, ಬಂಧನ, ಶಿಕ್ಷೆ, ಪ್ರಿವಿ ಕೌನ್ಸಿಲಿನ ಆದೇಶ, ಬಿಡುಗಡೆ. ಮೊದಲನೆಯದು ಸಿಗುವುದೇ ಕಷ್ಟ. ಯುದ್ಧಕಾಲ, ಕಾಗದಕ್ಕೆ ನಿಯಂತ್ರಣ, ಪತ್ರಿಕೆಗಳ ಪುಟ ಕಡಿಮೆ. ಓದಿದ ಕಾಗದವನ್ನು ಪೊಟ್ಟಣ ಕಟ್ಟಲು, ಪುಸ್ತಕಕ್ಕೆ ಬೈಂಡು ಹಾಕಲು ಬಳಸಿ ಮುಗಿಸುತ್ತಿದ್ದ ದಿನಗಳವು. 1944ರ ಸಂಚಿಕೆ ತೆಳ್ಳಗಿದೆಯೆಂದು ಪುಟ ಹರಿದುಹೋಗಿದೆ ಎಂದುಕೊಳ್ಳಬೇಡಿ. ಪುಟಸಂಖ್ಯೆಗಳು ಸಾಲಾಗಿವೆಯೇ, ಕೊನೆಯ ಪುಟದಲ್ಲಿ ಮುದ್ರಕರ ಸಾಲು ಇದೆಯೇ ನೋಡಿ ತೀರ್ಮಾನಿಸಿ.

ಮೊದಲ ದಿನದ ವರದಿ ಎಷ್ಟು ತಪ್ಪಿರಬಹುದು ಎಂಬುದಕ್ಕೆ ಕೇರಳದ್ದೇ ಉದಾಹರಣೆ ಇದೆ. 1984ರ ಜನವರಿ 22, ಭಾನುವಾರ ನಸುಕಿನಲ್ಲಿ ಮಾವೇಲಿಕ್ಕರ ಹತ್ತಿರ ಗದ್ದೆಯಲ್ಲಿ ಸುಟ್ಟ ಅಂಬಾಸಡರ್ ಕಾರು, ಒಳಗೆ ಸುಟ್ಟ ಶವ. ಸತ್ತವನು ಸುಕುಮಾರ ಕುರುಪ್ ಎಂದೇ ಮೊದಲು ನಂಬಲಾಗಿತ್ತು. ಅದು ಚಾಕೋ ಎಂಬ ಅಮಾಯಕನ ಶವ, ತಾನೇ ಸತ್ತೆನೆಂದು ತೋರಿಸಿ ವಿಮೆಯ ಹಣ ಪಡೆಯಲು ಕುರುಪ್ ಹೂಡಿದ ಕೊಲೆ ಎಂಬುದು ಬಳಿಕ ಹೊರಬಿತ್ತು. ಜತೆಗಾರರಿಗೆ ಶಿಕ್ಷೆಯಾಯಿತು, ಕುರುಪ್ ಇವತ್ತಿನವರೆಗೂ ಸಿಕ್ಕಿಲ್ಲ. ಈ ಪ್ರಕರಣದ ಮೊದಲ ದಿನದ ಪತ್ರಿಕೆಯೊಂದನ್ನೇ ಇಟ್ಟುಕೊಂಡರೆ ನಿಮ್ಮ ಕೈಯಲ್ಲಿರುವುದು ಒಂದು ತಪ್ಪು. ಮುಂದಿನ ವಾರದ ಸಂಚಿಕೆಗಳನ್ನು ಅದರ ಕೆಳಗಿಟ್ಟಾಗ ಮಾತ್ರ ಆ ತಪ್ಪಿಗೂ ಅರ್ಥ ಬರುತ್ತದೆ. 1984 ಅಷ್ಟೇನೂ ಹಳೆಯದಲ್ಲವೆಂದು ಬಿಡಬೇಡಿ. ಇವತ್ತು ಗುಜರಿಗೆ ಹೋಗುತ್ತಿರುವುದು ಆ ದಶಕದ ಪತ್ರಿಕೆಗಳೇ.

ತನ್ನನ್ನು ‘ಜೋಡಿಯಾಕ್’ ಎಂದು ಕರೆದುಕೊಂಡ, ಇನ್ನೂ ಪತ್ತೆಯಾಗದ ಅಮೆರಿಕದ ಕೊಲೆಗಾರನ ಪ್ರಕರಣದಲ್ಲಂತೂ ಪತ್ರಿಕೆಯೇ ಅಪರಾಧದ ಒಳಗೆ ಸಿಕ್ಕಿಕೊಂಡಿತ್ತು. 1969ರ ಜುಲೈ ಕೊನೆಗೆ ಕೊಲೆಗಾರ ಒಂದು ಗೂಢಲಿಪಿಯನ್ನು ಮೂರು ತುಂಡು ಮಾಡಿ ಮೂರು ಪತ್ರಿಕೆಗಳಿಗೆ ಕಳಿಸಿದ. ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ತನ್ನ ಪಾಲಿನದನ್ನು ನಾಲ್ಕನೆಯ ಪುಟದಲ್ಲಿ ಅಚ್ಚು ಹಾಕಿತು. ಮುಖಪುಟವೊಂದನ್ನೇ ಕೊಂಡವರಿಗೆ ಅದು ಇಲ್ಲ. ಲಿಪಿ ಪೂರ್ತಿಯಾಗಬೇಕಿದ್ದರೆ ಮೂರೂ ಪತ್ರಿಕೆಗಳು ಬೇಕು.

ಇನ್ನು ಅಸಲು ನಕಲಿನ ವಿಚಾರ. ಹೆಸರುಗಳಿಂದ ತೊಡಗಿ. ‘ಜ್ಯಾಕ್ ದಿ ರಿಪ್ಪರ್’ ಎಂಬ ಹೆಸರು ಒಂದು ಪತ್ರದ ಅಡಿಯಲ್ಲಿದ್ದ ಸಹಿ. ಆ ಪತ್ರ ಸುದ್ದಿಸಂಸ್ಥೆಯ ಕೈಸೇರಿದ್ದು 1888ರ ಸೆಪ್ಟೆಂಬರ್ ಕೊನೆಗೆ, ಪತ್ರಿಕೆಗಳಲ್ಲಿ ಬಂದದ್ದು ಅಕ್ಟೋಬರ್ 1ರಿಂದ. ಸೆಪ್ಟೆಂಬರ್ ತಿಂಗಳ ಪತ್ರಿಕೆಯಲ್ಲಿ ಆ ಹೆಸರು ಕಂಡರೆ ಅದು ನಕಲಿ. ಅದಕ್ಕೆ ಮೊದಲು ಬರೆಯುತ್ತಿದ್ದುದು ಕೊಲೆಗಳು ನಡೆದ ಲಂಡನ್ನಿನ ಭಾಗದ ಹೆಸರಿನಲ್ಲಿ ‘ವೈಟ್‌ಚಾಪಲ್ ಕೊಲೆಗಳು’ ಎಂದು, ಅಥವಾ ಶಂಕಿತನಿಗಿದ್ದ ಅಡ್ಡಹೆಸರಿನಲ್ಲಿ ‘ಲೆದರ್ ಏಪ್ರನ್’ ಎಂದು. ಹೆಸರು ಹೇಗೆ ಊರೂರು ಸುತ್ತುತ್ತದೆ ಎಂದರೆ, ನೂರು ವರ್ಷದ ಬಳಿಕ ನಮ್ಮ ಈ ಗಡಿಯಲ್ಲಿ ಮಲಗಿದ್ದವರ ತಲೆಗೆ ಹೊಡೆದು ಕೊಲ್ಲುತ್ತಿದ್ದ ಚಂದ್ರನ್‌ಗೆ ‘ರಿಪ್ಪರ್ ಚಂದ್ರನ್’ ಎಂಬ ಹೆಸರು ಬಿತ್ತು. ಅವನು ಸಿಕ್ಕಿಬಿದ್ದ, 1991ರಲ್ಲಿ ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ. ಪ್ರಕರಣ ಮುಗಿದದ್ದೇ ಆದರೂ ಆ ಹೆಸರಿನ ಪ್ರಯಾಣ ನೋಡುವುದಕ್ಕೆ ಅವನ ಕಾಲದ ಪತ್ರಿಕೆಗಳನ್ನೂ ಇಟ್ಟುಕೊಳ್ಳಬಹುದು.

ಭಾರತದ ಪತ್ರಿಕೆಗೆ ಇನ್ನೂ ಸುಲಭದ ಗುರುತುಗಳಿವೆ. 1867ರ ಮುದ್ರಣ ಕಾಯ್ದೆಯ ಪ್ರಕಾರ ಮುದ್ರಕರ ಹೆಸರು, ಮುದ್ರಣವಾದ ಸ್ಥಳ ಹಾಳೆಯಲ್ಲಿ ಇರಲೇಬೇಕಿತ್ತು. ಸಾಮಾನ್ಯವಾಗಿ ಕೊನೆಯ ಪುಟದ ತಳದಲ್ಲಿ ಒಂದು ಸಾಲು. ಬೆಲೆ 1957ರ ಏಪ್ರಿಲ್ 1ಕ್ಕೆ ಮೊದಲು ಆಣೆ, ಪೈ; ಅಲ್ಲಿಂದ 1964ರ ಮೇ ಕೊನೆಯವರೆಗೆ ‘ನಯಾ ಪೈಸೆ’; 1964ರ ಜೂನ್ 1ರಿಂದ ಬರೀ ಪೈಸೆ. ಪತ್ರಿಕಾ ರಿಜಿಸ್ಟ್ರಾರರ ಕಚೇರಿ ಸುರುವಾದದ್ದು 1956ರಲ್ಲಿ, ಆ ನೋಂದಣಿ ಸಂಖ್ಯೆ ಅದಕ್ಕಿಂತ ಹಿಂದಿನ ಸಂಚಿಕೆಯಲ್ಲಿ ಇರಲಾರದು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು. ಮಲಯಾಳಂ ಪತ್ರಿಕೆಯಾದರೆ ಕೇರಳದ ಪಂಚಾಂಗದ ಕೊಲ್ಲವರ್ಷವೂ ತಾಳೆಯಾಗಬೇಕು: 1984ರ ಜನವರಿಯ ಕೊನೆಯ ವಾರಕ್ಕೆ 1159, ಮಕರ ಮಾಸ. ತಾರೀಕಿಗೆ ವಾರ ಹೊಂದುತ್ತದೆಯೇ ಎಂದೂ ನೋಡಿ. ನಕಲು ಮಾಡುವವರು ತಾರೀಕನ್ನು ತಿದ್ದುತ್ತಾರೆ, ವಾರವನ್ನು ಮರೆಯುತ್ತಾರೆ.

ಈಗ ಹಾಳೆಯನ್ನೇ ಹತ್ತಿರದಿಂದ ನೋಡೋಣ. 10 ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಸಾಕು. ಹಗಲು ಬೆಳಕು ಬದಿಯಿಂದ ಬೀಳುವಂತೆ ಹಾಳೆಯನ್ನು ಮೇಜಿನ ಮೇಲೆ ಹರಡಿ, ಒಂದು ದೊಡ್ಡ ತಲೆಬರಹದ ಅಕ್ಷರದ ಮೇಲೆ ಕನ್ನಡಿ ಇಡಿ. ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸಿ ಅಚ್ಚು ಹಾಕಿದ ಪತ್ರಿಕೆಯಾದರೆ ಅಕ್ಷರದ ಅಂಚಿನಲ್ಲಿ ಶಾಯಿ ಒತ್ತಿ ಹೊರಗೆ ಸರಿದು ಒಂದು ಕಪ್ಪು ಗೆರೆ ಕಟ್ಟಿರುತ್ತದೆ, ನಡುವೆ ತುಸು ತೆಳು. ಹಾಳೆಯನ್ನು ತಿರುವಿ ಹಿಂಬದಿಯಲ್ಲಿ ಬೆರಳ ತುದಿ ಆಡಿಸಿದರೆ ಅಕ್ಷರ ಉಬ್ಬಿದ್ದು ತಿಳಿಯುತ್ತದೆ. ಒಂದೇ ಅಕ್ಷರ ಒಂದು ಕಡೆ ಮುಕ್ಕಾಗಿ, ಇನ್ನೊಂದು ಕಡೆ ಸರಿಯಾಗಿ ಕಾಣುತ್ತದೆ. ಅದು ಸವೆದ ಮೊಳೆ. ಈಚಿನ ಆಫ್‌ಸೆಟ್ ನಕಲಿನಲ್ಲಿ ಈ ಉಬ್ಬು ಇರುವುದಿಲ್ಲ, ಮೇಲ್ಮೈ ಸಪಾಟು. ಹಳೆ ಪುಟದ ಫೋಟೊ ತೆಗೆದು ಮರುಮುದ್ರಿಸಿದ್ದಾದರೆ ಕಾಗದದ ಕಲೆ, ಮಡಿಕೆಯ ಗೆರೆಗಳೂ ಚುಕ್ಕೆ ಚುಕ್ಕೆಯಾಗಿ ಅಚ್ಚಾಗಿರುತ್ತವೆ. ಮಡಿಕೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಇಷ್ಟು ಸಾಕು. 1888ರ ಸಂಚಿಕೆಯಲ್ಲಿ ‘ಇಲ್ಲಸ್ಟ್ರೇಟೆಡ್ ಪೊಲೀಸ್ ನ್ಯೂಸ್’ನಂಥ ಚಿತ್ರಪತ್ರಿಕೆಯಲ್ಲೂ ಚಿತ್ರಗಳು ಕೆತ್ತನೆಯ ಗೆರೆಗಳಲ್ಲಿ ಇರುತ್ತವೆ, ಚುಕ್ಕೆಗಳ ಫೋಟೊ ಆಗಿರುವುದಿಲ್ಲ.

ಕಾಗದದ ಬಣ್ಣ ನೋಡಿ ಹಳತು ಎಂದು ನಂಬಬೇಡಿ, ಚಹಾ ನೀರಿನಲ್ಲಿ ಅದ್ದಿದರೂ ಕಂದು ಬಣ್ಣ ಬರುತ್ತದೆ. ನಿಜವಾಗಿ ಮುಪ್ಪಾದ ಕಾಗದ ಅಂಚಿನಿಂದ ಒಳಕ್ಕೆ ಕಂದಾಗುತ್ತ ಹೋಗುತ್ತದೆ, ನಡುಭಾಗ ತುಸು ಬೆಳ್ಳಗಿರುತ್ತದೆ. ಅದ್ದಿದ್ದು ಎಲ್ಲ ಕಡೆ ಒಂದೇ ಬಣ್ಣ. ಇನ್ನೊಂದು ವಿಚಿತ್ರ: 1800ರ ಸುಮಾರಿನ ಪತ್ರಿಕೆ 1944ರ ಪತ್ರಿಕೆಗಿಂತ ಗಟ್ಟಿಯಾಗಿರುವುದುಂಟು. ಹಳೆಯದು ಹತ್ತಿ, ನಾರು ಬಟ್ಟೆಯ ಚಿಂದಿಯಿಂದ ಮಾಡಿದ ಕಾಗದ. 1844ರಲ್ಲಿ ಜರ್ಮನಿಯ ಕೆಲ್ಲರ್ ಮರವನ್ನು ಅರೆದು ತಿರುಳು ಮಾಡುವ ದಾರಿ ಕಂಡುಕೊಂಡ ಮೇಲೆ, 19ನೇ ಶತಮಾನದ ಉತ್ತರಾರ್ಧದಲ್ಲಿ ಪತ್ರಿಕೆಗಳೆಲ್ಲ ಮರದ ಕಾಗದಕ್ಕೆ ತಿರುಗಿದವು. ಮರದಲ್ಲಿರುವ ಲಿಗ್ನಿನ್ ಬೆಳಕು ಗಾಳಿಗೆ ಹಳದಿಯಾಗುತ್ತದೆ, ಕಾಗದದೊಳಗಿನ ಆಮ್ಲ ನಾರನ್ನು ತುಂಡು ತುಂಡು ಮಾಡುತ್ತದೆ. ಬೆಚ್ಚಗೆ, ತೇವ ಇದ್ದಷ್ಟೂ ಈ ಕೆಲಸ ಬೇಗ. ನಮ್ಮ ಕರಾವಳಿಯಲ್ಲಿ ಎರಡೂ ಧಾರಾಳ.

ಎಲ್ಲಿ ಹುಡುಕುವುದು? ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆ ಮನೆಗಳ ಅಟ್ಟ, ಪತ್ತಾಯದ ತಳ, ಕಬ್ಬಿಣದ ಟ್ರಂಕಿನ ಒಳಮೈ, ದೇವರ ಪಟದ ಹಿಂಬದಿಯ ಹೊದಿಕೆ. ನಮ್ಮ ಜಿಲ್ಲೆಗೆ ಒಂದು ಭಾಗ್ಯ ಇದೆ. ಮಂಗಳೂರಿನ ‘ಸ್ವದೇಶಾಭಿಮಾನಿ’, ‘ರಾಷ್ಟ್ರಬಂಧು’, ‘ನವಭಾರತ’, 1970ರಿಂದ ಮಣಿಪಾಲದ ‘ಉದಯವಾಣಿ’, ತೆಂಕಣದಿಂದ ‘ಮಾತೃಭೂಮಿ’, ‘ಮಲಯಾಳ ಮನೋರಮಾ’, ಮದ್ರಾಸಿನ ಇಂಗ್ಲಿಷ್ ಪತ್ರಿಕೆಗಳು ಎಲ್ಲವೂ ಇಲ್ಲಿನ ಮನೆಗಳಿಗೆ ಬರುತ್ತಿದ್ದವು. ಒಂದೇ ಪ್ರಕರಣವನ್ನು ಮೂರು ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಬಲ್ಲ ಊರು ಇದು. ಗುಜರಿಯವರಿಗೆ ‘ಹಳೆ ಪೇಪರು’ ಎಂದು ಹೇಳಿದರೆ ಕಳೆದ ತಿಂಗಳದ್ದು ತರುತ್ತಾರೆ. ‘ಆಣೆ ಬೆಲೆ ಇರುವ ಪೇಪರು, ಕಟ್ಟು ಬಿಚ್ಚಬೇಡಿ’ ಎನ್ನಿ. ಕಟ್ಟು ಬಿಚ್ಚಿದರೆ ಒಳಹಾಳೆಗಳು ಬೇರೆಯಾಗಿ ಸಂಚಿಕೆ ಹಾಳಾಗುತ್ತದೆ. ಗ್ರಂಥಾಲಯದ ಮೊಹರು ಇರುವ ಸಂಪುಟ ಮಾರಾಟಕ್ಕೆ ಬಂದರೆ, ಅದನ್ನು ಗ್ರಂಥಾಲಯವೇ ರದ್ದು ಮಾಡಿದ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಮುಟ್ಟಬೇಡಿ, ಗ್ರಂಥಾಲಯಕ್ಕೆ ತಿಳಿಸಿ.

ಹಳೆ ಇಂಗ್ಲಿಷ್ ಪತ್ರಿಕೆಗಳ ಬಗ್ಗೆ ಒಂದು ಸೂಕ್ಷ್ಮ. 1888ರಲ್ಲಿ ಲಂಡನ್ನಿನ ಸುದ್ದಿ ಭಾರತಕ್ಕೆ ಎರಡು ಸಲ ಬರುತ್ತಿತ್ತು: ಮೊದಲು ತಂತಿಯಲ್ಲಿ ನಾಲ್ಕು ಸಾಲು, ಸುಮಾರು ಮೂರು ವಾರದ ಬಳಿಕ ಟಪಾಲು ಹಡಗಿನಲ್ಲಿ ಬಂದ ಅಲ್ಲಿನ ಪತ್ರಿಕೆಗಳಿಂದ ಎತ್ತಿಕೊಂಡ ಉದ್ದ ವರದಿ. ರಿಪ್ಪರನಿಗೆ ಬಲಿಯಾದ ಐವರಲ್ಲಿ ಒಬ್ಬಳಾದ ಮೇರಿ ಕೆಲ್ಲಿಯ ನವೆಂಬರ್ 9ರ ಕೊಲೆಯ ವಿವರವನ್ನು ಭಾರತದ ಪತ್ರಿಕೆಯಲ್ಲಿ ಹುಡುಕುವವರು ಡಿಸೆಂಬರ್ ಸಂಚಿಕೆಗಳನ್ನೂ ನೋಡಬೇಕು.

ಇನ್ನು ಮಳೆಗಾಲ. ನಿಜವಾದ ಪರೀಕ್ಷೆ ಇಲ್ಲಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿದು. ಆಟಿ ತಿಂಗಳಲ್ಲಿ ಮನೆಯೊಳಗಿನ ಸಾಪೇಕ್ಷ ಆರ್ದ್ರತೆ ಶೇ. 85 ದಾಟುತ್ತದೆ. ಕಾಗದಕ್ಕೆ ಹಿತ ಶೇ. 45ರಿಂದ 55. ಶೇ. 65ರ ಮೇಲೆ ಹೆಚ್ಚು ದಿನ ನಿಂತರೆ ಬೂಷ್ಟು ಬರುತ್ತದೆ. ಇಡೀ ಕೋಣೆಯನ್ನು ಒಣಗಿಸುವುದು ದುಬಾರಿ, ಪೆಟ್ಟಿಗೆಯನ್ನು ಒಣಗಿಸುವುದು ಸಾಧ್ಯ. ರಬ್ಬರ್ ಪಟ್ಟಿಯ ಬಿಗಿ ಮುಚ್ಚಳವಿರುವ, ಪಾಲಿಪ್ರೊಪಿಲೀನಿನ ಚಪ್ಪಟೆ ಪೆಟ್ಟಿಗೆ ತೆಗೆದುಕೊಳ್ಳಿ. ದೊಡ್ಡ ಹಾಳೆಯ ಪತ್ರಿಕೆ ಮೂಲ ಮಡಿಕೆಯಲ್ಲಿ ಒಮ್ಮೆ ಮಡಚಿ ಮಲಗುವಷ್ಟು ಅಗಲ ಇರಲಿ. 50 ಲೀಟರಿನ ಪೆಟ್ಟಿಗೆಗೆ ಅರ್ಧ ಕಿಲೋ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಗೆ. ಜತೆಗೆ ಒಂದು ಸಣ್ಣ ಆರ್ದ್ರತಾ ಮಾಪಕ. ಕಿತ್ತಳೆ ಬಣ್ಣದ ಜೆಲ್ ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟು, ಪೂರ್ತಿ ತಣಿಸಿ ಮತ್ತೆ ಹಾಕಿ. ಬಿಸಿ ಇರುವಾಗಲೇ ಹಾಕಿದರೆ ಪಕ್ಕದ ಹಾಳೆ ಸುರುಟುತ್ತದೆ. ಜೆಲ್ ಹೆಚ್ಚಾಗುವುದೂ ತಪ್ಪೇ: ಮಾಪಕ ಶೇ. 35ರ ಕೆಳಗಿಳಿದರೆ ಕಾಗದ ಹಪ್ಪಳದಂತೆ ಮುರಿಯುತ್ತದೆ. ಅರ್ಧ ಜೆಲ್ ಹೊರಗೆ ತೆಗೆಯಿರಿ.

ಪ್ರತಿ ಸಂಚಿಕೆಯನ್ನೂ ಆಮ್ಲರಹಿತ ಕಾಗದದ ಮಡಿಕೆಯಲ್ಲಿಡಿ, ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹೆಚ್ಚು ಮುಟ್ಟುವ ಸಂಚಿಕೆಗೆ ಎರಡು ಬದಿ ತೆರೆದ ಪಾಲಿಯೆಸ್ಟರ್ ಹಾಳೆಯ ಕವಚ. ಪಿವಿಸಿ ಕವರು ಬೇಡ, ಅದು ಆಮ್ಲ ಬಿಡುತ್ತದೆ, ಶಾಯಿಯನ್ನು ಎಳೆದು ಅಂಟಿಸಿಕೊಳ್ಳುತ್ತದೆ. ಒಂದರ ಮೇಲೆ ಒಂದು ಇಪ್ಪತ್ತಕ್ಕಿಂತ ಹೆಚ್ಚು ಪೇರಿಸಬೇಡಿ. ಪೆಟ್ಟಿಗೆ ನೆಲದಿಂದ 15 ಸೆಂಟಿಮೀಟರ್, ಹೊರಗೋಡೆಯಿಂದ 10 ಸೆಂಟಿಮೀಟರ್ ದೂರ ಇರಲಿ. ಒರಲೆ ಹತ್ತುವುದೂ ನೀರಿಳಿಯುವುದೂ ಅಲ್ಲಿಂದಲೇ.

ಹುಳ ಹಿಡಿದ ಕಟ್ಟು ಬಂದರೆ ಪೆಟ್ಟಿಗೆಗೆ ಸೇರಿಸುವ ಮೊದಲು ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು, ಅಂಟುಪಟ್ಟಿಯಿಂದ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ತಣ್ಣಗಿನ ಕಾಗದಕ್ಕೆ ನಮ್ಮ ಹಸಿ ಗಾಳಿ ತಗಲಿದರೆ ಅದರ ಮೈಮೇಲೆ ನೀರೊಡೆಯುತ್ತದೆ. ಬೂಷ್ಟು ಹಿಡಿದದ್ದಾದರೆ ಬೇರೆ ಇಟ್ಟು, ಫ್ಯಾನಿನ ಗಾಳಿ ನೇರ ತಗಲದಂತೆ ನೆರಳಿನಲ್ಲಿ ಒಣಗಿಸಿ, ಬೂಷ್ಟು ಪುಡಿಯಾದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿ ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಹಸಿ ಬೂಷ್ಟನ್ನು ಒರಸಿದರೆ ನಾರಿನೊಳಗೆ ಇಳಿಯುತ್ತದೆ. ಅಡಿಕೆಯ ಹಾಗೆ ಅಂಗಳದ ಬಿಸಿಲಿಗೆ ಹರವುವ ಅಭ್ಯಾಸ ನಮ್ಮಲ್ಲಿ ಎಲ್ಲದಕ್ಕೂ ಇದೆ. ಪತ್ರಿಕೆಗೆ ಮಾತ್ರ ದಯವಿಟ್ಟು ಬೇಡ. ಒಂದು ಮಧ್ಯಾಹ್ನದ ಬಿಸಿಲಿಗೇ ಮರದ ಕಾಗದ ಹಳದಿಗೆ ತಿರುಗಲು ತೊಡಗುತ್ತದೆ.

ಎಂಟಾಗಿ ಮಡಚಿ ಗರಿಗರಿಯಾದ ಪತ್ರಿಕೆ ಸಿಕ್ಕಾಗ ಅಲ್ಲೇ ಬಿಡಿಸಬೇಡಿ. ಮಡಿಕೆಯಲ್ಲೇ ತುಂಡಾಗುತ್ತದೆ, ಸುದ್ದಿಯ ಒಂದು ಸಾಲು ಪುಡಿಯಾಗಿ ಉದುರುತ್ತದೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಟಬ್ಬಿನ ತಳದಲ್ಲಿ ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆ ಹಾಸಿ. ಅದರ ಮೇಲೆ ಎರಡು ಇಂಚು ಎತ್ತರದ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಪತ್ರಿಕೆ. ಮುಚ್ಚಳದ ಒಳಬದಿಗೆ ಒಣ ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಅಂಟಿಸಿ, ಇಲ್ಲದಿದ್ದರೆ ಹನಿ ಉದುರುತ್ತದೆ. ಅರ್ಧ ಗಂಟೆಗೊಮ್ಮೆ ನೋಡಿ. ನಾಲ್ಕರಿಂದ ಆರು ಗಂಟೆಯಲ್ಲಿ ಹಾಳೆ ಮೆತ್ತಗಾಗಿ, ಮೂಲೆ ಎತ್ತಿದರೆ ಬಾಗುತ್ತದೆ, ಮುರಿಯುವುದಿಲ್ಲ. ಆಗ ಒಂದೊಂದೇ ಮಡಿಕೆ ಬಿಡಿಸಿ, ಎರಡು ಒತ್ತುಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಸಮನಾಗಿ ಭಾರ, ಒಂದು ದಿನ. ಅಚ್ಚಿನ ಕಪ್ಪು ಶಾಯಿ ಎಣ್ಣೆಯದು, ಹರಡುವುದಿಲ್ಲ. ಫೌಂಟನ್ ಪೆನ್ನಿನ ಬರಹ, ರಬ್ಬರ್ ಮೊಹರು ಹರಡುತ್ತವೆ. ಅವಿದ್ದರೆ, ಅಥವಾ ಬೂಷ್ಟಿನ ವಾಸನೆ ಇದ್ದರೆ ಈ ಕೆಲಸವೇ ಬೇಡ.

ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು, ಈ ಎರಡರಿಂದ ಹಾಳಾದ ಪತ್ರಿಕೆಗಳು ಒರಲೆ ತಿಂದವಕ್ಕಿಂತ ಕಡಿಮೆಯೇನಲ್ಲ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಬಿಡಿಸುವ ದಾರಿ ಇಲ್ಲವೆಂದೇ ಹೇಳಬೇಕು, ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ. ಹರಿದ ಕಡೆಗೆ ತೆಳು ಜಪಾನೀ ಟಿಶ್ಯೂ ಕಾಗದ, ಗೋಧಿ ಪಿಷ್ಟದ ನೀರಾದ ಅಂಟು. ಮೈದಾ ಬೇಡ, ಅದರಲ್ಲಿ ಗ್ಲುಟೆನ್ ಇದೆ, ಜಿರಳೆ ಬೆಳ್ಳಿಹುಳುಗಳಿಗೆ ಹಬ್ಬ.

ಓದುವುದಕ್ಕೆ ಮೂಲವನ್ನು ಪದೇ ಪದೇ ತೆಗೆಯದಿರಲು ಒಮ್ಮೆ ಸರಿಯಾಗಿ ಫೋಟೊ ತೆಗೆದಿಡಿ. ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು, ಕ್ಯಾಮೆರಾ ನೇರ ಮೇಲೆ, ದೊಡ್ಡ ಪುಟವಾದರೆ ಅರ್ಧರ್ಧ.

ಕಾನೂನಿನ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಚಾರಿತ್ರಿಕ ಮಹತ್ವದ, 75 ವರ್ಷ ಮೀರಿದ ದಾಖಲೆಪತ್ರಗಳೂ ಪ್ರಾಚ್ಯವಸ್ತುವಿನ ವ್ಯಾಖ್ಯೆಗೆ ಸೇರುತ್ತವೆ, ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಲಕ್ಷ್ಮೀಕಾಂತನ್ ಪ್ರಕರಣದ ಸಂಚಿಕೆಗಳು ಈ ವಯಸ್ಸು ದಾಟಿವೆ. ಗಲ್ಫಿನಲ್ಲಿರುವ ಸ್ನೇಹಿತರಿಗೆ ಅಂಚೆಯಲ್ಲಿ ಹಾಕುವ ಮೊದಲು ಪುರಾತತ್ತ್ವ ಇಲಾಖೆಯನ್ನು ಕೇಳಿ.

ಸತ್ತವರ ಮನೆಯವರು ಇನ್ನೂ ಬದುಕಿರುವ ಪ್ರಕರಣಗಳಲ್ಲಿ ಶವದ ಚಿತ್ರವಿರುವ ಪುಟವನ್ನು ಪ್ರದರ್ಶನಕ್ಕೆ ಇಡಬೇಡಿ. ಸಂಗ್ರಹದಲ್ಲಿ ಇರಲಿ, ಗೋಡೆಯ ಮೇಲೆ ಬೇಡ. ಕಡತಕ್ಕೆ ಹೆಸರು ಬರೆಯುವಾಗಲೂ ಕೊಂದವನ ಅಡ್ಡಹೆಸರಿಗಿಂತ ಸತ್ತವರ ಹೆಸರನ್ನು ಮೊದಲು ಬರೆಯಿರಿ. ‘ಚಾಕೋ, 1984’ ಎಂದರೆ ಹುಡುಕುವವರಿಗೆ ಸಿಗುತ್ತದೆ. ಬರೆಯುವುದು ಮಡಿಕೆ ಕಾಗದದ ಮೇಲೆ, ಪೆನ್ಸಿಲಿನಲ್ಲಿ, ಪತ್ರಿಕೆ ಒಳಗೆ ಸೇರುವ ಮೊದಲು: ಪತ್ರಿಕೆ, ತಾರೀಕು, ಆವೃತ್ತಿ, ಸುದ್ದಿ ಇರುವ ಪುಟ ಮತ್ತು ಕಾಲಂ, ಯಾವ ಊರಿನಲ್ಲಿ ಸಿಕ್ಕಿತು, ಯಾವ ಪುಟ ಇಲ್ಲ. ಸಿಗದೆ ಉಳಿದ ತಾರೀಕುಗಳಿಗೂ ಒಂದೊಂದು ಖಾಲಿ ಮಡಿಕೆ ಇಟ್ಟು ತಾರೀಕು ಬರೆದಿಡಿ, ಮುಂದಿನ ಕಟ್ಟು ಬಂದಾಗ ಏನು ಹುಡುಕಬೇಕೆಂದು ಗೊತ್ತಿರುತ್ತದೆ.

ಪಕ್ಕದ ಮೇಜಿನ ಮೇಲೆ ಅಸಲಿನ ಒಂದು ಹಾಳೆ, ನಕಲಿನ ಒಂದು ಹಾಳೆ, ಎರಡು ಭೂತಗನ್ನಡಿ ಇಟ್ಟಿದ್ದೇವೆ. ಯಾವುದು ಯಾವುದೆಂದು ಬರೆದಿಲ್ಲ. ಕೈಗವಸು ಬೇಕಾಗಿಲ್ಲ, ಅದರಲ್ಲಿ ಹಾಳೆಯ ಅಂಚು ತಿಳಿಯದೆ ಹರಿಯುತ್ತದೆ. ಕೈ ತೊಳೆದು, ಚೆನ್ನಾಗಿ ಒರಸಿಕೊಂಡು, ಇಬ್ಬಿಬ್ಬರಾಗಿ ಬನ್ನಿ.